ಏಳು ರೂಪಾಯಿ ಇಳಿದಾಗ ಬೊಕ್ಕಸಕ್ಕೆ ಆದದ್ದೇನು?

ವಿಜಯದಶಮಿಯ ದಿನ ಅರಮನೆಯಿಂದ ಹೊರಟ ಜಂಬೂಸವಾರಿ ಬಂದು ಮುಗಿಯುವುದು ಮೈಸೂರಿನ ಬನ್ನಿಮಂಟಪದಲ್ಲಿ. ಅಂದು ರಾತ್ರಿ ಪಂಜಿನ ಕವಾಯತು ನೋಡಲು ನೆರೆದ ಜನ ಚದುರಿದ ಮೇಲೆ, ವರ್ಷದ ಉಳಿದ ದಿನಗಳಲ್ಲಿ ಬನ್ನಿಮಂಟಪಕ್ಕೆ ಬೆಳಗಾಗುವುದು ಬಸ್ಸುಗಳ ಸದ್ದಿನಿಂದ. ಸಾರಿಗೆ ಸಂಸ್ಥೆಯ ಡಿಪೋದಿಂದ ಹೊರಬೀಳುವ ಈ ಕೆಂಪು ಬಸ್ಸುಗಳಲ್ಲಿ ಪಾಸು ಹಿಡಿದ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ಹಿರಿಯರು, ಕೆಲಸಕ್ಕೆ ಹೋಗುವ ತಾಯಂದಿರು ಎಲ್ಲರೂ ಇರುತ್ತಾರೆ. ರಾಜ್ಯದ ತೆರಿಗೆ ಇಳಿದರೆ ನಾಡು ಬೆಳೆಯುತ್ತದೆಯೋ, ಸರ್ಕಾರಿ ಸೇವೆಗಳು ಸೊರಗುತ್ತವೆಯೋ ಎಂಬ ದೊಡ್ಡ ಪ್ರಶ್ನೆಯನ್ನು ಇಂಥದೊಂದು ಬಸ್ಸಿನ ಡೀಸೆಲ್ ಟ್ಯಾಂಕಿನಿಂದಲೇ ಆರಂಭಿಸಬಹುದು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಬಹುತೇಕ ಸರಕುಗಳ ತೆರಿಗೆಯನ್ನು ಯಾವ ರಾಜ್ಯವೂ ತಾನೊಂದೇ ಏರಿಸುವಂತಿಲ್ಲ, ಇಳಿಸುವಂತಿಲ್ಲ. ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದವು ಪೆಟ್ರೋಲ್, ಡೀಸೆಲ್, ಮದ್ಯ, ಮೋಟಾರು ವಾಹನ ತೆರಿಗೆ ಹಾಗೂ ಮುದ್ರಾಂಕ ಶುಲ್ಕ. ಆದ್ದರಿಂದ ರಾಜ್ಯ ಸರ್ಕಾರ ತೆರಿಗೆ ಇಳಿಸಿತೆಂದರೆ ಜನರಿಗೆ ಮೊದಲು ಗೊತ್ತಾಗುವುದು ಬಂಕಿನಲ್ಲಿ.

2021ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಹಾಗೆಯೇ ಆಯಿತು. ಕೇಂದ್ರ ಸರ್ಕಾರ ಪೆಟ್ರೋಲಿನ ಮೇಲೆ 5 ರೂಪಾಯಿ, ಡೀಸೆಲ್ಲಿನ ಮೇಲೆ 10 ರೂಪಾಯಿ ಅಬಕಾರಿ ಸುಂಕ ಇಳಿಸಿದ ಬೆನ್ನಿಗೇ ಕರ್ನಾಟಕ ತನ್ನ ಪಾಲಿನಿಂದ ಎರಡಕ್ಕೂ ಲೀಟರಿಗೆ 7 ರೂಪಾಯಿ ಇಳಿಸಿತು. ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 24ರಿಂದ ಶೇ 14.34ಕ್ಕೆ ಬಂತು. ಇದರಿಂದ ಬೊಕ್ಕಸಕ್ಕೆ ಸುಮಾರು 2,100 ಕೋಟಿ ರೂಪಾಯಿ ಕೊರತೆಯಾಗುವುದೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರೇ ಹೇಳಿದ್ದರು.

ಬಂಕಿನ ಗಣಿತ

ತೆರಿಗೆ ಇಳಿಸಿದರೆ ವ್ಯಾಪಾರ ಹೆಚ್ಚಿ, ಹೋದ ಹಣ ತಾನಾಗಿಯೇ ಮರಳುತ್ತದೆ ಎಂದು ವಾದಿಸುವವರಿದ್ದಾರೆ. ಇದನ್ನು ಹೈಸ್ಕೂಲಿನ ಗಣಿತದಿಂದಲೇ ಒರೆಗೆ ಹಚ್ಚಬಹುದು. ತೆರಿಗೆಯ ಆದಾಯವೆಂದರೆ ದರ ಮತ್ತು ವ್ಯಾಪಾರದ ಗುಣಲಬ್ಧ. 24ನ್ನು 14.34ರಿಂದ ಭಾಗಿಸಿದರೆ ಸುಮಾರು 1.67 ಬರುತ್ತದೆ. ಅಂದರೆ ಮೂಲ ಬೆಲೆ ಬದಲಾಗದಿದ್ದರೆ, 100 ಲೀಟರ್ ಮಾರುತ್ತಿದ್ದ ಬಂಕು 167 ಲೀಟರ್ ಮಾರಿದಾಗ ಮಾತ್ರ ಹಿಂದಿನಷ್ಟೇ ತೆರಿಗೆ ಹುಟ್ಟುತ್ತದೆ. ಡೀಸೆಲ್ 7 ರೂಪಾಯಿ ಅಗ್ಗವಾಯಿತೆಂದು ಯಾವ ರೈತ ಉತ್ತ ಹೊಲವನ್ನೇ ಮತ್ತೆ ಉಳುತ್ತಾನೆ?

ಉಳಿದ 7 ರೂಪಾಯಿಯನ್ನು ಜನ ಬೇರೆಡೆ ಖರ್ಚು ಮಾಡುತ್ತಾರಲ್ಲ, ಅದರ ಮೇಲೂ ತೆರಿಗೆ ಬರುತ್ತದಲ್ಲ ಎಂದು ಕೇಳಬಹುದು. ನಿಜ. ಅಷ್ಟೂ ಹಣವನ್ನು ಶೇ 18ರ ಜಿಎಸ್‌ಟಿ ಇರುವ ವಸ್ತುವಿಗೆ ಸುರಿದರೂ ಅದರಲ್ಲಿ ತೆರಿಗೆ 1 ರೂಪಾಯಿ 7 ಪೈಸೆ. ಅದರಲ್ಲಿ ಅರ್ಧ ಕೇಂದ್ರಕ್ಕೆ. ರಾಜ್ಯಕ್ಕೆ ಮರಳುವುದು 53 ಪೈಸೆ. ಅದೇ ಹಣ ಐದು ಕೈ ಬದಲಾಗಿ ಪ್ರತಿ ಸಲವೂ ಪೂರ್ತಿ ಖರ್ಚಾದರೂ ಮೂರು ರೂಪಾಯಿ ಮುಟ್ಟುವುದಿಲ್ಲ.

ಇನ್ನೊಂದು ಸಂಗತಿ ಗಡಿಯಲ್ಲಿದೆ. ಆಗ ಕೇರಳ ತನ್ನ ತೆರಿಗೆಯ ದರ ಇಳಿಸಲಿಲ್ಲ. ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗುವ ಲಾರಿಗೆ ಈಚೆ ಕಡೆಯೇ ಟ್ಯಾಂಕು ತುಂಬಿಸುವುದು ಲಾಭ. ಇಲ್ಲಿ ಮಾರಾಟ ಹೆಚ್ಚುತ್ತದೆ, ಆದರೆ ಅದು ನೆರೆಮನೆಯ ಬಿಂದಿಗೆಯಿಂದ ನಮ್ಮ ಬಿಂದಿಗೆಗೆ ಸುರಿದುಕೊಂಡ ನೀರು. ನಾಳೆ ಅವರೂ ತೆರಿಗೆ ಇಳಿಸಿದರೆ ಅದು ಹಿಂದಕ್ಕೆ ಹೋಗುತ್ತದೆ.

ಇಳಿಕೆಯ ಲಾಭ

ಹಾಗೆಂದು ತೆರಿಗೆ ಇಳಿಕೆ ನಿರರ್ಥಕವಲ್ಲ. ಲೀಟರಿಗೆ 5 ಕಿಲೋಮೀಟರ್ ಓಡುವ ಬಸ್ಸು ದಿನಕ್ಕೆ 300 ಕಿಲೋಮೀಟರ್ ಸಂಚರಿಸಿದರೆ ಬೇಕಾಗುವುದು 60 ಲೀಟರ್. ಲೀಟರಿಗೆ 7 ರೂಪಾಯಿಯಂತೆ ದಿನಕ್ಕೆ 420 ರೂಪಾಯಿ, ವರ್ಷಕ್ಕೆ ಒಂದೂವರೆ ಲಕ್ಷ ಮಿಕ್ಕುತ್ತದೆ. ಬಂಡಿಪಾಳ್ಯದ ಮಾರುಕಟ್ಟೆಗೆ ಟೊಮೆಟೊ ತರುವ ಟೆಂಪೋದ ಬಾಡಿಗೆಯೂ ಹಗುರಾಗಬಹುದು.

ತೆಗೆದುಹಾಕಿದ್ದೇ ಒಳ್ಳೆಯದಾಯಿತು ಎನ್ನಬಹುದಾದ ತೆರಿಗೆಗಳೂ ಇವೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. 1979ರವರೆಗೂ ಕರ್ನಾಟಕದ ಊರುಗಳ ಬಾಗಿಲಲ್ಲಿ ಆಕ್ಟ್ರಾಯ್ ಕಟ್ಟೆಗಳಿದ್ದವು. ಸರಕಿನ ಗಾಡಿ ನಿಲ್ಲಬೇಕು, ತಪಾಸಣೆಯಾಗಬೇಕು, ಸುಂಕ ತೆತ್ತು ಒಳಬರಬೇಕು. 1979ರಲ್ಲಿ ಆಕ್ಟ್ರಾಯ್ ರದ್ದಾಗಿ ಪ್ರವೇಶ ತೆರಿಗೆ ಬಂತು. ಅದೂ 2017ರಲ್ಲಿ ಜಿಎಸ್‌ಟಿಯಲ್ಲಿ ಲೀನವಾಯಿತು. ದಾರಿಯ ತಡೆ ತಪ್ಪಿದ್ದು ವ್ಯಾಪಾರಕ್ಕೆ ಒಳಿತೇ. ಆದರೆ ಪುರಸಭೆ, ನಗರಸಭೆಗಳು ಸ್ವಂತ ವರಮಾನವೊಂದನ್ನು ಕಳೆದುಕೊಂಡು ಸರ್ಕಾರದ ಅನುದಾನಕ್ಕೆ ಕಾಯಬೇಕಾಯಿತು. ಒಳ್ಳೆಯ ಇಳಿಕೆಗೂ ಬೆಲೆಯುಂಟು.

ಕಾನ್ಸಸ್ ಕಲಿಸಿದ ಪಾಠ

ಈ ಪ್ರಯೋಗವನ್ನು ದೊಡ್ಡದಾಗಿ ಮಾಡಿ ನೋಡಿದ್ದು ಅಮೆರಿಕದ ಕಾನ್ಸಸ್ ರಾಜ್ಯ. 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಅಲ್ಲಿನ ಆದಾಯ ತೆರಿಗೆಯನ್ನು ಭಾರೀ ಪ್ರಮಾಣದಲ್ಲಿ ಕಡಿತ ಮಾಡಿದರು. ಆರ್ಥಿಕತೆ ಚಿಗಿಯುವುದೆಂಬ ಭರವಸೆಯನ್ನೂ ಕೊಟ್ಟರು. ನಿರೀಕ್ಷಿಸಿದ ಬೆಳವಣಿಗೆ ಬರಲಿಲ್ಲ, ವರಮಾನ ಮಾತ್ರ ಕುಸಿಯಿತು. 2015ರಲ್ಲಿ ಅಲ್ಲಿನ ಕೆಲವು ಕಡೆ ಹಣವಿಲ್ಲದೆ ಶಾಲೆಗಳಿಗೆ ನಿಗದಿಗಿಂತ ಮೊದಲೇ ಬೇಸಿಗೆ ರಜೆ ಕೊಡಬೇಕಾಯಿತು! ಕೊನೆಗೆ 2017ರಲ್ಲಿ ಗವರ್ನರರ ನಿರಾಕರಣೆಯನ್ನೂ ಮೀರಿ ಶಾಸಕರು ಕಡಿತದ ಬಹುಪಾಲನ್ನು ರದ್ದುಗೊಳಿಸಿದರು.

ಕರ್ನಾಟಕವೂ ಮೆಟ್ಟಿಲು ಮೆಟ್ಟಿಲಾಗಿ ಹಿಂದಿರುಗಿತು. ಡೀಸೆಲ್ ತೆರಿಗೆ 2024ರ ಜೂನ್‌ನಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್ 1ರಂದು ಶೇ 21.17ಕ್ಕೆ ಏರಿತು. ಈ ನಡುವೆ 2025ರ ಜನವರಿ 5ರಿಂದ ಬಸ್ ದರವೂ ಶೇ 15ರಷ್ಟು ಹೆಚ್ಚಿತು. ಸಾರಿಗೆ ಸಂಸ್ಥೆಗೆ ಡೀಸೆಲ್ ದುಬಾರಿಯಾದರೆ ಕಷ್ಟ. ಹಾಗೆಂದು ತೆರಿಗೆ ಬಾರದಿದ್ದರೂ ಕಷ್ಟವೇ. ವಿದ್ಯಾರ್ಥಿ ಪಾಸಿನ ರಿಯಾಯಿತಿಯಲ್ಲಿ ಸರ್ಕಾರದ ಪಾಲಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಮಹಿಳೆಯರ ಉಚಿತ ಪ್ರಯಾಣದ ವೆಚ್ಚ ತೆರುವುದೂ ಅದೇ ಬೊಕ್ಕಸ.

ಆದ್ದರಿಂದ ತೆರಿಗೆ ಇಳಿಯಿತೆಂಬ ಸುದ್ದಿ ಬಂದಾಗ ಮನೆಮಂದಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಬಿಟ್ಟುಕೊಟ್ಟ ಹಣವೆಷ್ಟು? ಹೊಸ ವ್ಯಾಪಾರದಿಂದ ಅದರಲ್ಲಿ ಮರಳುವುದೆಷ್ಟು? ಉಳಿದ ಕೊರತೆಯನ್ನು ತುಂಬುವುದು ಸಾಲವೋ, ಬೇರೆ ತೆರಿಗೆಯೋ, ಅಥವಾ ಯಾವುದೋ ಶಾಲೆ, ಆಸ್ಪತ್ರೆ, ಬಸ್ಸಿನ ಪಾಲೋ? ಮೂರನೆಯದಕ್ಕೆ ಉತ್ತರ ಹೇಳದ ಇಳಿಕೆ ಅರ್ಧ ಬಿಡಿಸಿಟ್ಟ ಲೆಕ್ಕ. ಬನ್ನಿಮಂಟಪದಿಂದ ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡಬೇಕಾದರೆ ಆ ಲೆಕ್ಕವನ್ನು ಪೂರ್ತಿ ಬಿಡಿಸಲೇಬೇಕು.