ಎಲೆ ಮಡಿಸುವ ಕಪ್ಪೆಯ ಕೆರೆದಂಡೆ

ಬ್ರಹ್ಮಗಿರಿಯಿಂದ ಇಳಿದು ಬರುವ ತೊರೆಗಳು ದಕ್ಷಿಣ ಕೊಡಗಿನ ಗದ್ದೆಬಯಲನ್ನು ಸೇರುವುದಕ್ಕೆ ಮುನ್ನ ಕಾಫಿ ತೋಟಗಳ ನಡುವೆ ಅಲ್ಲಲ್ಲಿ ತಂಗಿ ಕೆರೆಗಳಾಗುತ್ತವೆ. ಹೂಮಳೆ ತಪ್ಪಿದ ವರ್ಷ ಗಿಡಗಳಿಗೆ ನೀರೂಡಿಸಲೆಂದು ಕಟ್ಟಿದ, ದಡದ ತುಂಬ ಪೊದೆ ಬೆಳೆದು ಮೇಲೆ ಹಲಸು, ಅತ್ತಿ, ಬೀಟೆಗಳ ನೆರಳು ಕವಿದ ಈ ಕೆರೆಗಳನ್ನರಸಿ ಯಾತ್ರಿಕರು ಬರುವುದಿಲ್ಲ. ಅವರ ದಾರಿ ತಲಕಾವೇರಿಗೆ, ಇಲ್ಲವೆ ಇರ್ಪು ಜಲಪಾತಕ್ಕೆ. ಆದರೆ ಮುಂಗಾರಿನ ಇರುಳುಗಳಲ್ಲಿ ಈ ನೀರಂಚಿನ ಗಿಡಗಳ ಮೇಲೆ ನಡೆಯುವ ಶಿಲ್ಪಕಾರ್ಯವು, ನನ್ನ ಎಣಿಕೆಯಲ್ಲಿ, ಆ ನಾಡಿನ ಯಾವ ದರ್ಶನೀಯ ವಸ್ತುವಿಗೂ ಕಡಿಮೆಯಾದುದಲ್ಲ.

ಅದರ ಶಿಲ್ಪಿ ಸುಮಾರು 3 ಸೆಂಟಿಮೀಟರ್ ಉದ್ದದ ಒಂದು ಹಸುರು ಮರಗಪ್ಪೆ; ಪಾರ್ಶ್ವಗಳಲ್ಲಿ ಹಳದಿಯ ಗೆರೆ. ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದ್ದ ಬೌಲೆಂಜರನು ಮಲಬಾರಿನಿಂದ ಬಂದ ಮಾದರಿಯನ್ನು ಪರೀಕ್ಷಿಸಿ 1883ರಲ್ಲಿ ಇದಕ್ಕೆ ರಾಕೋಫೋರಸ್ ಲ್ಯಾಟರಾಲಿಸ್ ಎಂದು ಹೆಸರಿಟ್ಟನು. ಅನಂತರ ಬಹುಕಾಲ ವಿದ್ವಾಂಸರ ಕಣ್ಣಿಗೆ ಮರೆಯಾಗಿದ್ದ ಈ ಜೀವಿ ಕೊಡಗಿನಲ್ಲಿ ಮರಳಿ ದೊರೆತ ಸಂಗತಿಯನ್ನು ಸಂಶೋಧಕ ಇಂದ್ರನೀಲ್ ದಾಸ್ ಅವರು 2000ದಲ್ಲಿ ಪ್ರಕಟಿಸಿದರು.

ನೀರಿನ ಮೇಲಕ್ಕೆ ಬಾಗಿದ ಎಲೆಯೊಂದರ ಮೇಲೆ ತತ್ತಿಯಿಟ್ಟಾದ ಬಳಿಕ ಗಂಡು ತೆರಳುವುದು. ಹೆಣ್ಣಾದರೋ ಅಲ್ಲಿಯೇ ನಿಂತು, ಹಿಂಗಾಲುಗಳಿಂದ ಎಲೆಯ ಎರಡು ಅಂಚುಗಳನ್ನೂ ಸೆಳೆದು ಕೂಡಿಸಿ, ಅವು ಒಂದಕ್ಕೊಂದು ಅಂಟಿಕೊಳ್ಳುವವರೆಗೆ ಒತ್ತಿ ಹಿಡಿದು, ವೀಳ್ಯ ಮಡಿಸಿದಂತೆ ತನ್ನ ಸಂತತಿಯನ್ನು ಒಂದೇ ಎಲೆಯೊಳಗೆ ಮುಚ್ಚಿಡುವುದು. ಬಿಸಿಲಿಗೆ ಒಣಗದೆ, ಹಗೆಗೆ ಸುಲಭವಾಗಿ ಕಾಣಿಸದೆ ಬಲಿತ ಮರಿಗಳು ಕಾಲ ಕೂಡಿದಾಗ ಕೆಳಗಿನ ನೀರಿಗೆ ಜಾರುತ್ತವೆ. ಸಂಶೋಧಕ ಎಸ್. ಡಿ. ಬಿಜು ಅವರು ಈ ವಿಧಾನವನ್ನು 2009ರಲ್ಲಿ ವಿವರವಾಗಿ ವರ್ಣಿಸಿದರು. ಕೈಯಿಲ್ಲದ, ಕೊಕ್ಕಿಲ್ಲದ ಪ್ರಾಣಿಯು ಕಾಲುಗಳಿಂದಲೇ ಇಂಥ ಗೂಡನ್ನು ರಚಿಸುವುದೆಂಬುದನ್ನು ನೆನೆದಾಗಲೆಲ್ಲ ನನಗೆ ಗೌರವವೇ ಉಂಟಾಗುತ್ತದೆ.

ಇಷ್ಟಕ್ಕೆ ಬೇಕಾದುದು ಮೂರೇ: ನಿಂತ ನೀರು, ಅದರ ಮೇಲೆ ಬಾಗಿದ ಮೆತ್ತನೆಯ ಎಲೆ, ತೇವವನ್ನು ಕಾಯುವ ನೆರಳು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯು 2004ರಲ್ಲಿ ಈ ಕಪ್ಪೆಯನ್ನು ಅಪಾಯಕ್ಕೊಳಗಾದ ಜೀವಿಗಳ ಸಾಲಿಗೆ ಸೇರಿಸಿತು. ಅದಕ್ಕೆ ಬೇಕಾದ ಎಲೆಯೂ ನೆರಳೂ ಕುಂದುತ್ತಿವೆ: ತೋಟಗಳಲ್ಲಿ ನಾಡಮರಗಳು ಉರುಳಿ ಸಿಲ್ವರ್ ಓಕ್ ಏಳುತ್ತಿದೆ. ಕೊಂಬೆ ಸವರುವ ಮರಗಸಿಯು ಹದ ಮೀರಿದೆಡೆ ಬಿಸಿಲು ನೆಲಕ್ಕಿಳಿಯುತ್ತದೆ. ಚೊಕ್ಕಟಗೊಳಿಸುವ ನೆಪದಲ್ಲಿ ಕೆರೆದಂಡೆಯ ಪೊದೆಗಳನ್ನು ಕಡಿದು ಕಳೆನಾಶಕವನ್ನು ಸಿಂಪಡಿಸುವುದೂ ಉಂಟು. ಅಭಯಾರಣ್ಯದ ಕಾನೂನು ಖಾಸಗಿ ತೋಟದ ಬೇಲಿಯೊಳಕ್ಕೆ ಬರಲಾರದು. ಆದುದರಿಂದ ಕೊಡಗಿನ ಬೆಳೆಗಾರರಲ್ಲಿ ನನ್ನದೊಂದು ಬಿನ್ನಹವಿದೆ: ಕೆರೆಯ ಸುತ್ತಣ ನಾಲ್ಕು ಮಾರು ನೆಲದಲ್ಲಿ, ಮುಂಗಾರು ಮುಗಿಯುವ ತನಕವಾದರೂ, ಕತ್ತಿಯಾಡದಿರಲಿ.