ಬಿಸಿಲುಂಡು ನಡೆಯುವ ದೋಣಿ

ಬಾಣಾವರದ ಸುತ್ತಣ ಸೀಮೆ ಮಳೆ ಕಡಮೆಯಾದ ಸೀಮೆ. ಬೇಸಗೆಯಲ್ಲಿ ಕೆರೆಯ ನೀರು ಇಳಿದು, ಪಾಚಿಯಿಂದ ಹಸುರುಗಟ್ಟಿ, ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುವುದನ್ನು ನಮ್ಮ ಹಳ್ಳಿಯ ಜನ ಕಂಡಿರುವುದುಂಟು. ಯಾರೋ ನೀರಿಗೆ ವಿಷ ಹಾಕಿದರೆಂಬ ಮಾತು ಒಡನೆಯೇ ಹಬ್ಬುತ್ತದೆ. ಆದರೆ ಹಲವು ವೇಳೆ ವಿಷ ಹಾಕಿದವರು ಯಾರೂ ಇರುವುದಿಲ್ಲ. ನೀರಿನಲ್ಲಿ ಕರಗಿದ್ದ ಆಮ್ಲಜನಕವು ಆ ರಾತ್ರಿ ತೀರಿಹೋಗಿರುತ್ತದೆ, ಅಷ್ಟೆ.

ಅದು ಹೇಗೆಂದರೆ, ಹಗಲಿನಲ್ಲಿ ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಹೊರಬಿಡುತ್ತದೆ. ಕತ್ತಲಾದ ಮೇಲೆ ಅದೇ ಪಾಚಿಯು ಮೀನಿನಂತೆ ತಾನೂ ಉಸಿರಾಡಿ ಆ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಆದುದರಿಂದ ಇಂತಹ ಕೆರೆಯಲ್ಲಿ ಆಮ್ಲಜನಕವು ಅತ್ಯಂತ ಕಡಮೆಯಾಗುವುದು ಸೂರ್ಯೋದಯಕ್ಕೆ ತುಸು ಮೊದಲು. ಮಧ್ಯಾಹ್ನ ಏರಿಯ ಮೇಲೆ ನಿಂತು, ಹಗ್ಗ ಕಟ್ಟಿದ ಸೀಸೆಯಲ್ಲಿ ನೀರು ಮೊಗೆದು ಪರೀಕ್ಷಿಸಿದರೆ (ವಿದ್ಯಾರ್ಥಿಗಳೊಡನೆ ನಾನೂ ಹೀಗೆ ಮಾಡಿದವನೇ) ಎಲ್ಲವೂ ನೆಟ್ಟಗಿರುವಂತೆಯೇ ತೋರುವುದು.

ಬೆಳಗಿನ ಜಾವ ನಾಲ್ಕು ಗಂಟೆಗೆ, ಕೆರೆಯ ನಟ್ಟನಡುವೆ, ಪ್ರತಿದಿನವೂ ಬೇಸರಿಸದೆ ಅಳತೆ ಮಾಡುವ ಆಳೊಬ್ಬನು ನಮಗೆ ಬೇಕು. ಸೌರವಿದ್ಯುತ್ತಿನಿಂದ ಓಡುವ, ಅಂಬಿಗನಿಲ್ಲದ ದೋಣಿಯೇ ಆ ಆಳು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರಕ್ಕೆ ನೀರೊದಗಿಸುವ ವಿವೆನ್ಹೋ ಜಲಾಶಯದಲ್ಲಿ, 2009ರ ವೇಳೆಗೇ, ಸುಮಾರು 5 ಮೀಟರ್ ಉದ್ದದ ಇಂತಹ ಜೋಡುದೋಣಿಯೊಂದು ತಾನೇ ದಾರಿ ಹುಡುಕಿಕೊಂಡು ಸಂಚರಿಸುತ್ತ, ಬೇರೆಬೇರೆ ಆಳಗಳಲ್ಲಿ ನೀರಿನ ಗುಣವನ್ನೂ ನೀರಿನಿಂದ ಮೇಲೇಳುವ ಅನಿಲಗಳನ್ನೂ ಅಳೆಯಿತು.

ಬಿಸಿಲನ್ನು ಉಣ್ಣುವ ಆಳು ಕತ್ತಲೆಯಲ್ಲಿ ದುಡಿಯುವುದು ಹೇಗೆ? ವಾಚಕರು ಕಾಗದ, ಪೆನ್ಸಿಲು ಹಿಡಿದು ನನ್ನೊಡನೆ ಲೆಕ್ಕ ಹಾಕಲಿ. ನಮ್ಮ ಕಡೆ ನಿರ್ಮಲವಾದ ದಿನದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ಟಿನಷ್ಟು ಸೂರ್ಯಶಕ್ತಿ ಬೀಳುತ್ತದೆ. ಸೌರಫಲಕವು ಅದರಲ್ಲಿ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸೀತು. ನಷ್ಟಗಳನ್ನು ಕಳೆದರೆ ಮುಕ್ಕಾಲು ಯೂನಿಟ್ಟು, ಎಂದರೆ 750 ವಾಟ್-ಗಂಟೆ ಕೈಗೆ ಬಂದಿತೆನ್ನೋಣ.

ಇನ್ನು ಖರ್ಚು. ನೀರು ಒಡ್ಡುವ ತಡೆಯು ಹೆಚ್ಚುಕಡಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೇಕಾಗುವ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಗುಣವಾಗಿ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಮಡಿ! ಪಯಣದ ಕಾಲ ಅರ್ಧವಾಗುವುದರಿಂದ, ಅಷ್ಟೇ ದೂರಕ್ಕೆ ನಾಲ್ಕು ಮಡಿ ಶಕ್ತಿ ಬೇಕು. ನಿಧಾನವೇ ಲಾಭವೆಂದಾಯಿತು. ಹಾಗೆಂದು ತೀರ ನಿಧಾನವೂ ಸಲ್ಲದು. ದೋಣಿ ಹೊತ್ತ ಉಪಕರಣಗಳು ನಿಂತರೂ ನಡೆದರೂ ಒಂದೇ ಸಮನೆ ವಿದ್ಯುತ್ತನ್ನು ತಿನ್ನುತ್ತಿರುತ್ತವೆ. ಹಾಗಾದರೆ ತಕ್ಕ ವೇಗ ಯಾವುದು? ಕಲನಗಣಿತ ಕಲಿತವರು ಸಾಧಿಸಿ ನೋಡಬಹುದು: ಉಪಕರಣಗಳ ಖರ್ಚಿನ ಅರ್ಧದಷ್ಟು ಮಾತ್ರ ಚಾಲನೆಗೆ ತಗಲುವ ವೇಗದಲ್ಲಿ, ಇದ್ದ ಶಕ್ತಿಗೆ ದೋಣಿ ಅತಿ ಹೆಚ್ಚು ದೂರ ಸಾಗುತ್ತದೆ. ಉಪಕರಣಗಳಿಗೆ 6 ವಾಟ್, ಚಾಲನೆಗೆ 3 ವಾಟ್ ಎಂದು ಹಿಡಿದರೆ, ಹನ್ನೆರಡು ಗಂಟೆಯ ರಾತ್ರಿಗೆ 108 ವಾಟ್-ಗಂಟೆ ಸಾಕು. ಹಗಲಿನ ಗಳಿಕೆಯ ಏಳನೆಯ ಒಂದು ಪಾಲು! ಎದುರುಗಾಳಿ ಬೀಸಿದರೆ ಈ ಜಿಪುಣತನ ನಡೆಯದು, ನಿಜ. ಆದರೂ ರಾತ್ರಿಗೆ ಅಂಜಬೇಕಾದುದಿಲ್ಲ.

ಅಂಜಬೇಕಾದುದು ಬೇರೆಯದಕ್ಕೆ. ಅಮೆರಿಕದ ರೋಡ್ ಐಲೆಂಡಿನಲ್ಲಿ ಕಾಲೇಜು ವಿದ್ಯಾರ್ಥಿಗಳ ತಂಡವೊಂದು ಸುಮಾರು 4 ಮೀಟರ್ ಉದ್ದದ ‘ಸ್ಕೌಟ್’ ಎಂಬ ಸೌರದೋಣಿಯನ್ನು ಕಟ್ಟಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಪೇನ್ ದೇಶವನ್ನು ಮುಟ್ಟಲೆಂದು 2013ರ ಆಗಸ್ಟಿನಲ್ಲಿ ನೀರಿಗೆ ಬಿಟ್ಟಿತು. ಅದಕ್ಕೆ ಮೊದಲು ಬಿಟ್ಟಾಗ ದೋಣಿಯನ್ನು ಮರಳಿ ತಂದು ದುರಸ್ತಿ ಮಾಡಬೇಕಾಗಿ ಬಂದಿತ್ತು, ಹುಡುಗರು ಎದೆಗೆಡಲಿಲ್ಲ. ಅದು ಉಪಗ್ರಹದ ಮೂಲಕ ತನ್ನ ಠಾವನ್ನು ತಿಳಿಸುತ್ತ ಸುಮಾರು 2,100 ಕಿಲೋಮೀಟರ್ ಸಾಗಿತು. ಅದರ ಯಾನ ನಡುಗಡಲಿನಲ್ಲಿಯೇ ಮುಗಿಯಿತು. ಸ್ಪೇನಿನ ದಡವನ್ನು ಅದು ಕಾಣಲಿಲ್ಲ.

ಮೂರು ವರ್ಷಗಳ ತರುವಾಯ, 2016ರಲ್ಲಿ, ಕ್ಯಾಲಿಫೋರ್ನಿಯದ ಎಂಜಿನಿಯರೊಬ್ಬರು ಬಿಡುವಿನ ವೇಳೆಯಲ್ಲಿ ಕಟ್ಟಿದ ‘ಸೀಚಾರ್ಜರ್’ ಇನ್ನೂ ಚಿಕ್ಕದು, ಬರಿಯ ಎರಡೂವರೆ ಮೀಟರಿನದು. ಅದು 41 ದಿನಗಳಲ್ಲಿ ಸುಮಾರು 3,900 ಕಿಲೋಮೀಟರ್ ಕ್ರಮಿಸಿ ಹವಾಯಿ ದ್ವೀಪವನ್ನು ಸೇರಿತು. ಭಾಗಿಸಿ ನೋಡಿರಿ: ಗಂಟೆಗೆ ನಾಲ್ಕು ಕಿಲೋಮೀಟರೂ ಇಲ್ಲ, ಸಂತೆಗೆ ಹೊರಟವನು ಅದನ್ನು ಹಿಂದೆ ಹಾಕಿಯಾನು. ಅಲ್ಲಿಂದ ನ್ಯೂಜಿಲೆಂಡಿನತ್ತ ತಿರುಗಿ ತಿಂಗಳುಗಟ್ಟಲೆ ನಡೆದು, ದಡ ಸಮೀಪಿಸುತ್ತಿದ್ದಂತೆ ಚುಕ್ಕಾಣಿ ಕೆಟ್ಟಿತು. ಸರಕುಹಡಗೊಂದು ಅದನ್ನು ಎತ್ತಿಕೊಂಡಿತು. ಸೂರ್ಯನು ಕೈಬಿಟ್ಟಿರಲಿಲ್ಲ; ಕೈಬಿಟ್ಟುದು ಚುಕ್ಕಾಣಿ.

ಕೆರೆಯಲ್ಲಿ ಬಿರುಗಾಳಿಯ ಅಲೆಗಳಿಲ್ಲ, ಉಪ್ಪು ನೀರಿಲ್ಲ. ಅಲ್ಲಿಯ ಶತ್ರು ಅಂತರಗಂಗೆ, ಜೊಂಡು. ನೀರೊಳಗೆ ತಿರುಗುವ ರೆಕ್ಕೆಗೆ ಇವು ಸುತ್ತಿಕೊಂಡರೆ ದೋಣಿ ನಿಂತಂತೆಯೇ. ಇದರಿಂದ ಪಾರಾಗಲು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ತಮ್ಮ ಪುಟ್ಟ ದೋಣಿಗಳ ಮೇಲೆ ಬೀಸಣಿಗೆಯನ್ನು ನಿಲ್ಲಿಸಿ, ಗಾಳಿಯನ್ನು ಹಿಂದಕ್ಕೆ ತಳ್ಳಿ ಮುಂದೆ ಸಾಗುವಂತೆ ಮಾಡಿದರು. ಇದಕ್ಕೆ ವಿದ್ಯುತ್ತು ಹೆಚ್ಚು ಬೇಕು. ಆದರೆ ನಮ್ಮ ಲೆಕ್ಕದಲ್ಲಿ ಮಿಗತೆ ಉಂಟಷ್ಟೆ.

ಉಳಿದ ತೊಡಕು ಆಮ್ಲಜನಕವನ್ನು ಅಳೆಯುವ ಕಡ್ಡಿಯದು. ಹಸುರು ನೀರಿನಲ್ಲಿ ಕೆಲವೇ ದಿನಗಳಲ್ಲಿ ಅದರ ತುದಿಗೆ ಲೋಳೆ ಹತ್ತುತ್ತದೆ; ಆಮೇಲೆ ಅದು ಕೆರೆಯ ಆಮ್ಲಜನಕವನ್ನಲ್ಲ, ತನ್ನ ಮೈಗಂಟಿದ ಲೋಳೆಯದನ್ನು ಅಳೆಯುತ್ತಿರುತ್ತದೆ. ಆದುದರಿಂದ ಅಂಬಿಗನಿಲ್ಲದ ಈ ದೋಣಿಯನ್ನು ವಾರಕ್ಕೊಮ್ಮೆ ದಡಕ್ಕೆ ಕರೆಸಿ, ಒಬ್ಬ ವಿದ್ಯಾರ್ಥಿಯು ಮೊಳಕಾಲುದ್ದ ನೀರಿಗಿಳಿದು, ಮೆತ್ತನೆಯ ಬಟ್ಟೆಯಿಂದ ಆ ತುದಿಯನ್ನು ಒರೆಸಲೇಬೇಕು.