ಹಳೆಯ ಪ್ಲೇಟು, ಹಳೆಯ ಕ್ಯಾಮರಾ

ಮಾನವನು ಸ್ವಭಾವತಃ ಸಂಗ್ರಹಪ್ರಿಯನು. ಇರುವೆಯು ಕಾಳನ್ನೂ ಜೇನು ಮಧುವನ್ನೂ ಕೂಡಿಡುವುದು ಹೊಟ್ಟೆಗಾಗಿ. ಮನುಷ್ಯನಾದರೋ ಹೊಟ್ಟೆಗೆ ಯಾವ ಉಪಯೋಗವೂ ಇಲ್ಲದ ವಸ್ತುಗಳನ್ನು ಕೂಡಿಟ್ಟು ಸಂತೋಷಪಡುತ್ತಾನೆ. ಅಂಚೆಚೀಟಿ, ನಾಣ್ಯ, ಬೆಂಕಿಪೆಟ್ಟಿಗೆಯ ಚಿತ್ರ ಇವುಗಳನ್ನು ಕೂಡಿಸುವವರು ನಮ್ಮ ಕಾಲೇಜಿನಲ್ಲಿಯೇ ಇದ್ದಾರೆ. ನನಗೆ ಅಂಟಿಕೊಂಡಿರುವ ಗೀಳು ಬೇರೆ: ಹಳೆಯ ಗ್ರಾಮಫೋನ್ ಪ್ಲೇಟುಗಳು ಮತ್ತು ಹಳೆಯ ಕ್ಯಾಮರಾಗಳು. "ಮೊಬೈಲಿನಲ್ಲಿ ಎಲ್ಲ ಹಾಡೂ ಎಲ್ಲ ಫೋಟೋವೂ ಇರುವಾಗ ಈ ಗುಜರಿ ಯಾಕೆ?" ಎಂದು ಗೆಳೆಯರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಈ ಗೀಳು ನನಗೆ ಬಂದದ್ದು ನಮ್ಮ ಮುತ್ಯಾನಿಂದ. ನಮ್ಮದು ಔರಾದ ತಾಲೂಕಿನ ಒಂದು ಹಳ್ಳಿ. ಮುತ್ಯಾ ಹುಡುಗನಾಗಿದ್ದಾಗ ಭಾಲ್ಕಿಯ ಒಂದು ಚಹಾದ ಹೋಟೆಲಿನಲ್ಲಿ ಕೆಲಸಕ್ಕಿದ್ದನು. ಕಪ್ಪು-ಬಸಿ ತೊಳೆಯುವುದರ ಜೊತೆಗೆ ಗಿರಾಕಿಗಳಿಗಾಗಿ ಪೆಟ್ಟಿಗೆಗೆ ಚಾವಿ ಕೊಟ್ಟು ಪ್ಲೇಟು ಹಚ್ಚುವುದೂ ಅವನ ಕೆಲಸವಾಗಿತ್ತು. ಅವನಿಗೆ ಅಕ್ಷರ ಬಾರದು. ಆದರೆ ಗಿರಾಕಿ ಯಾವ ಹಾಡು ಕೇಳಿದರೂ ಮೂವತ್ತು-ನಲವತ್ತು ಪ್ಲೇಟುಗಳ ಗಂಟಿನಿಂದ ಅದನ್ನೇ ತೆಗೆಯುತ್ತಿದ್ದನಂತೆ. ಲೇಬಲ್ಲಿನ ಬಣ್ಣ, ಅಂಚಿನ ಚೂರು, ಮೇಲಿನ ಗೀರು ಇವೇ ಅವನ ವರ್ಣಮಾಲೆ. ಮುಂದೆ ಹೋಟೆಲಿಗೆ ರೇಡಿಯೋ ಬಂದಾಗ ಮಾಲೀಕರು ಬಾಕಿ ಪಗಾರದ ಬದಲಿಗೆ ಆ ಪೆಟ್ಟಿಗೆಯನ್ನೂ ಹನ್ನೊಂದು ಪ್ಲೇಟುಗಳನ್ನೂ ಕೊಟ್ಟು ಕಳುಹಿಸಿದರು. ಪೆಟ್ಟಿಗೆಯ ಸ್ಪ್ರಿಂಗು ಎಂದೋ ಮುರಿದುಹೋಯಿತು. ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಮನೆಯ ಅಟ್ಟದಲ್ಲಿ ಉಳಿದಿದ್ದ ಪ್ಲೇಟುಗಳು ನಾಲ್ಕು.

ಇರಲಿ, ಪ್ಲೇಟು ಎಂದರೇನೆಂಬುದನ್ನು ಮೊದಲು ನೋಡೋಣ. 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ನನು ಧ್ವನಿಯನ್ನು ಉರುಳೆಯ ಮೇಲೆ ಹಿಡಿದಿಟ್ಟನು. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬಾತನು ಉರುಳೆಯ ಬದಲಿಗೆ ಚಪ್ಪಟೆಯಾದ ತಟ್ಟೆಯನ್ನು ಉಪಯೋಗಿಸುವ ಗ್ರಾಮಫೋನನ್ನು ಕಂಡುಹಿಡಿದನು. ತಟ್ಟೆಯ ಲಾಭವೇನೆಂದರೆ, ಒಂದು ಅಚ್ಚು ಮಾಡಿಕೊಂಡರೆ ಸಾವಿರಾರು ಪ್ರತಿ ಒತ್ತಬಹುದು. ಪುಸ್ತಕಕ್ಕೆ ಮುದ್ರಣಯಂತ್ರ ಮಾಡಿದ ಉಪಕಾರವನ್ನು ಹಾಡಿಗೆ ಬರ್ಲಿನರನ ತಟ್ಟೆ ಮಾಡಿತೆಂದರೆ ಅತಿಶಯೋಕ್ತಿಯಾಗಲಾರದು.

ಪ್ಲೇಟಿನ ಮೇಲೆ ಅನೇಕ ವೃತ್ತಗಳಿರುವಂತೆ ಕಣ್ಣಿಗೆ ಕಾಣುತ್ತದೆ. ವಾಸ್ತವವಾಗಿ ಅಲ್ಲಿರುವುದು ಒಂದೇ ಗೆರೆ. ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸುತ್ತಿದ ಒಂದೇ ಕಾಲುವೆ. ಹಾಡುಗಾರನ ಧ್ವನಿಗೆ ತಕ್ಕಂತೆ ಆ ಕಾಲುವೆಯ ದಂಡೆಗಳು ಅತ್ತಿತ್ತ ಅಂಕುಡೊಂಕಾಗಿರುತ್ತವೆ. ಮುಳ್ಳು ಅದರಲ್ಲಿ ಸಾಗುವಾಗ ಅದೇ ರೀತಿ ನಡುಗುತ್ತದೆ. ಆ ನಡುಕವು ಸೌಂಡ್ ಬಾಕ್ಸಿನ ತೆಳುವಾದ ಪದರಕ್ಕೆ ತಾಗಿ ಮತ್ತೆ ಧ್ವನಿಯಾಗುತ್ತದೆ. ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತದೆ. ಮೂರು ನಿಮಿಷದ ಹಾಡಿಗೆ 234 ಸುತ್ತು ಆಯಿತು. ಹತ್ತು ಅಂಗುಲದ ಪ್ಲೇಟಿನ ಆ ಗೆರೆಯನ್ನು ಬಿಚ್ಚಿ ನೇರವಾಗಿ ಎಳೆದರೆ ನೂರು ಮೀಟರಿಗೂ ಹೆಚ್ಚು ಉದ್ದವಾಗುತ್ತದೆಂದು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದುದು 1902ರಲ್ಲಿ. ಆ ವರ್ಷ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕನು ಕಲಕತ್ತೆಗೆ ಬಂದು ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಪ್ಲೇಟುಗಳನ್ನು ಒತ್ತುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಮ್ಮ ನಾಡಿನವರೂ ಹಿಂದೆ ಬೀಳಲಿಲ್ಲ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಪ್ಲೇಟುಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಮಲ್ಲಿಕಾರ್ಜುನ ಮನಸೂರರ ಪ್ಲೇಟುಗಳೂ ಅದೇ ದಶಕದವು. ಗಂಟೆಗಟ್ಟಲೆ ಹಾಡಬಲ್ಲ ವಿದ್ವಾಂಸರು ಒಂದು ರಾಗವನ್ನು ಮೂರು-ಮೂರೂವರೆ ನಿಮಿಷದಲ್ಲಿ ಮುಗಿಸಬೇಕಾಗಿತ್ತು. ಕನ್ನಡಿಯಲ್ಲಿ ಆನೆಯನ್ನು ತೋರಿಸಿದಂತೆ, ಚಿಕ್ಕ ಜಾಗದಲ್ಲಿ ದೊಡ್ಡ ವಿದ್ಯೆ! ಆ ಪ್ಲೇಟುಗಳನ್ನು ಕೇಳಿದರೆ ಒಂದು ಸ್ವರವೂ ವ್ಯರ್ಥವಾಗಿಲ್ಲವೆಂಬುದು ಗೊತ್ತಾಗುತ್ತದೆ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ 33⅓ ಸುತ್ತು ತಿರುಗುವ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ತಟ್ಟೆಯನ್ನು ತಂದಿತು. ಅದರ ಗೆರೆ ಬಹಳ ಸಪೂರ. ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಾಡು ಹಿಡಿಯುತ್ತದೆ. 1949ರಲ್ಲಿ 45 ಸುತ್ತಿನ ಚಿಕ್ಕ ತಟ್ಟೆಗಳು ಬಂದವು. ಸಂಗ್ರಹಕಾರನು ಈ ಭೇದವನ್ನು ಮೊದಲು ತಿಳಿಯಬೇಕು. ಚಾವಿ ಪೆಟ್ಟಿಗೆಯ ಉಕ್ಕಿನ ಮುಳ್ಳನ್ನು ವಿನೈಲ್ ತಟ್ಟೆಯ ಮೇಲಿಟ್ಟರೆ ಒಂದೇ ಸಲಕ್ಕೆ ಅದು ಉಳುಮೆ ಮಾಡಿದ ಹೊಲವಾಗುತ್ತದೆ. ವಿನೈಲಿನ ಸಣ್ಣ ಮುಳ್ಳನ್ನು 78ರ ಅಗಲವಾದ ಕಾಲುವೆಯಲ್ಲಿಟ್ಟರೆ ತಳದ ಧೂಳಿನಲ್ಲಿ ಹೊರಳಾಡಿ ಬರೀ ಸದ್ದು ಮಾಡುತ್ತದೆ.

ಇನ್ನು 78ರ ಪ್ಲೇಟನ್ನು ಯಾವುದರಿಂದ ಮಾಡುತ್ತಿದ್ದರು? ಬಹಳ ಮಂದಿ ಪ್ಲಾಸ್ಟಿಕ್ ಎಂದು ತಿಳಿದಿದ್ದಾರೆ. ಅಲ್ಲ, ಅದು ಅರಗು! ಮುತ್ತುಗ, ಜಾಲಿ, ಕುಸುಮ ಮೊದಲಾದ ಮರಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅರಗನ್ನು ಶುದ್ಧಿ ಮಾಡಿ, ಅದಕ್ಕೆ ಕಲ್ಲಿನ ಪುಡಿ ಮತ್ತು ಕಾಡಿಗೆಯನ್ನು ಬೆರೆಸಿ ಒತ್ತಿದ್ದೇ ಈ ಪ್ಲೇಟು. ಜಗತ್ತಿನ ಪ್ಲೇಟುಗಳಿಗೆ ಬೇಕಾದ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಕಲ್ಲಿನ ಪುಡಿ ಹಾಕುವುದಕ್ಕೂ ಕಾರಣವಿದೆ. ಅದು ಉಕ್ಕಿನ ಮುಳ್ಳಿನ ತುದಿಯನ್ನು ಮೊದಲ ಕೆಲವು ಸುತ್ತುಗಳಲ್ಲಿಯೇ ಸವೆಸಿ ಕಾಲುವೆಯ ಆಕಾರಕ್ಕೆ ತರುತ್ತದೆ. ಆದ್ದರಿಂದಲೇ ಪ್ರತಿ ಹಾಡಿಗೂ ಹೊಸ ಮುಳ್ಳು ಹಾಕಬೇಕು.

ಈ ಅರಗಿನ ವಿಷಯ ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ. ಮುತ್ಯಾನ ನಾಲ್ಕು ಪ್ಲೇಟುಗಳಲ್ಲಿ ಒಂದರ ಲೇಬಲ್ಲು ಪೂರ್ತಿ ಉದುರಿಹೋಗಿತ್ತು. ಅದು ಯಾವುದೋ ಮರಾಠಿ ನಾಟಕದ ಪದವೆಂದೂ ತನಗೆ ಎಲ್ಲಕ್ಕಿಂತ ಪ್ರೀತಿಯದೆಂದೂ ಮುತ್ಯಾ ಹೇಳುತ್ತಿದ್ದನು. ಅದನ್ನು ಚೆನ್ನಾಗಿ ಸ್ವಚ್ಛ ಮಾಡಿ ಬೀದರಿನಲ್ಲಿ ಪರಿಚಯದವರ ಯಂತ್ರದ ಮೇಲೆ ಹಾಕಿಸಿ ಮುತ್ಯಾನಿಗೆ ಕೇಳಿಸಬೇಕೆಂದು ನನ್ನ ಆಸೆ. ಕ್ಯಾಮರಾದ ಗಾಜು ಒರೆಸಲು ತಂದಿದ್ದ ಸ್ಪಿರಿಟನ್ನು ಅರಿವೆಗೆ ಹಾಕಿ ಪ್ಲೇಟನ್ನು ತಿಕ್ಕಿದೆನು. ಅರಿವೆ ಕಪ್ಪಾಯಿತು, ಹೊಲಸು ಹೋಗುತ್ತಿದೆಯೆಂದು ಸಂತೋಷದಿಂದ ಇನ್ನಷ್ಟು ತಿಕ್ಕಿದೆನು. ಹೋಗುತ್ತಿದ್ದುದು ಹೊಲಸಲ್ಲ, ಹಾಡು. ಬಡಿಗರು ಅರಗನ್ನು ಸ್ಪಿರಿಟಿನಲ್ಲಿಯೇ ಕರಗಿಸಿ ಕುರ್ಚಿ-ಮೇಜುಗಳಿಗೆ ಪಾಲಿಶ್ ಮಾಡುವುದನ್ನು ಎಷ್ಟೋ ಸಲ ನೋಡಿದ್ದೆನು. ಆದರೂ ಬುದ್ಧಿ ಹೊಳೆಯಲಿಲ್ಲ. ಪಾಂಡವರ ಅರಗಿನ ಮನೆಗೆ ಬೆಂಕಿ ಬೇಕಾಯಿತು. ಈ ಅರಗಿನ ಮನೆಗೆ ಒಂದು ಬಟ್ಟಲು ಸ್ಪಿರಿಟು ಸಾಕಾಯಿತು.

ಎರಡು ದಿನ ಮುತ್ಯಾನಿಗೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಹೇಳಿದೆನು. ಅವನು ಪ್ಲೇಟನ್ನು ಕೈಯಲ್ಲಿ ಹಿಡಿದು, ಬೆರಳಿನಿಂದ ಸವರಿ, "ಹೋತಂದ್ರ ಹೋಗ್ಲಿ ಬಿಡೋ ತಮ್ಮಾ. ಹಾಡು ನನ್ನ ತಲ್ಯಾಗ ಅದ" ಎಂದು ಹಾಡತೊಡಗಿದನು. ನಾನು ತಟ್ಟನೆ ಮೊಬೈಲಿನಲ್ಲಿ ಧ್ವನಿ ಹಿಡಿಯಲು ಶುರುಮಾಡಿದೆನು. ಹಾಡು ಒಳ್ಳೆಯ ಭರದಲ್ಲಿರುವಾಗ ಮುತ್ಯಾ ಒಮ್ಮೆಲೇ ನಿಲ್ಲಿಸಿದನು. "ಮುಂದ, ಮುತ್ಯಾ?" ಎಂದೆನು. "ಇಲ್ಲಿ ಪ್ಲೇಟು ಹೊಳ್ಳಿ ಹಾಕಬೇಕು" ಎಂದು ಹೇಳಿ, ಎರಡು ಗುಟುಕು ನೀರು ಕುಡಿದು, ಉಳಿದ ಹಾಡನ್ನು ಹಾಡಿದನು. ಅರವತ್ತು ವರ್ಷಗಳಾದ ಮೇಲೂ ಅವನ ನೆನಪಿನಲ್ಲಿ ಆ ಹಾಡಿಗೆ ಎರಡು ಬದಿಗಳಿದ್ದವು! ಯಂತ್ರವು ಮನುಷ್ಯನನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಈಗ ಕ್ಯಾಮರಾದ ವಿಷಯಕ್ಕೆ ಬರೋಣ. ನನ್ನಲ್ಲಿರುವುದು ಮೂರು, ಅವುಗಳಲ್ಲಿ ಕೆಲಸ ಮಾಡುವುದು ಒಂದೇ, ಆಗ್ಫಾ ಕ್ಲಿಕ್ 3. ಜರ್ಮನ್ ಹೆಸರಿನದಾದರೂ ಇದನ್ನು ತಯಾರಿಸಿದ್ದು ನಮ್ಮ ಬಡೋದೆಯಲ್ಲಿ. ಒಂದು ಕಾಲಕ್ಕೆ ಮಧ್ಯಮ ವರ್ಗದ ಮನೆಗಳಲ್ಲಿ ಮದುವೆ, ತೊಟ್ಟಿಲು, ಜಾತ್ರೆಗಳ ಫೋಟೋ ತೆಗೆದದ್ದು ಇದೇ ಕಪ್ಪು ಪೆಟ್ಟಿಗೆ. ಬಿಸಿಲಿಗೂ ಮೋಡಕ್ಕೂ ಹೊಂದಿಸುವ ಒಂದು ಸನ್ನೆ, ಒತ್ತುವ ಒಂದು ಗುಂಡಿ, ಫಿಲ್ಮಿನ ಸಂಖ್ಯೆ ನೋಡಲು ಬೆನ್ನಿನಲ್ಲಿ ಒಂದು ಕೆಂಪು ಕಿಟಕಿ. ಇಷ್ಟೇ ಅದರ ಸಂಸಾರ. ಇದಕ್ಕೆ ಬೇಕಾದ 120 ನಂಬರಿನ ರೋಲನ್ನು ಕೊಡಕ್ ಕಂಪನಿ 1901ರಲ್ಲಿ ತಂದಿತು. ಇಂದಿಗೂ ಅದು ತಯಾರಾಗುತ್ತಿದೆ. ಒಂದು ರೋಲಿಗೆ ಚೌಕಾಕಾರದ ಹನ್ನೆರಡು ಫೋಟೋ ಮಾತ್ರ. ಈ ಹನ್ನೆರಡೇ ನನಗೆ ದೊಡ್ಡ ಗುರುವಾಯಿತು. ಒಂದು ರೋಲಿನ ಬೆಲೆ ನನ್ನ ಒಂದು ವಾರದ ಖರ್ಚಿಗಿಂತ ಹೆಚ್ಚು. ಗುಂಡಿ ಒತ್ತುವ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ, ನಿಜವಾಗಿ ಈ ಚಿತ್ರ ಬೇಕೇ ಎಂದು ಹತ್ತು ಸಲ ಯೋಚಿಸುತ್ತೇನೆ. ಮೊಬೈಲಿನಲ್ಲಿ ಸಾವಿರ ತೆಗೆದು ಒಂದನ್ನೂ ನೋಡದವನಿಗೆ ಇದು ಹೊಸ ಶಿಕ್ಷಣವೇ ಸರಿ.

ನಮ್ಮ ಬೀದರಿನವರಿಗೆ ಫಿಲ್ಮಿನ ರಹಸ್ಯ ತಿಳಿಯುವುದು ಸುಲಭ. ಬಿದರಿ ಕಲೆಯಲ್ಲಿ ಸತು-ತಾಮ್ರದ ಪಾತ್ರೆಯ ಮೇಲೆ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸುತ್ತಾರೆ. ನಂತರ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಹಾಕುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಫಿಲ್ಮಿನಲ್ಲಿಯೂ ಇರುವುದು ಬೆಳ್ಳಿಯ ಲವಣವೇ. ಬೆಳಕು ಬಿದ್ದ ಕಡೆಯ ಲವಣವು ಔಷಧದ ನೀರಿನಲ್ಲಿ ಬೆಳ್ಳಿಯ ಸೂಕ್ಷ್ಮ ಕಣಗಳಾಗಿ ಕಪ್ಪಾಗುತ್ತದೆ. ಬೆಳಕು ಬೀಳದ ಕಡೆಯದನ್ನು ಹೈಪೋ ಎಂಬ ಇನ್ನೊಂದು ಔಷಧವು ತೊಳೆದುಹಾಕುತ್ತದೆ. ಅಂದರೆ ಬಿದರಿಯಲ್ಲಿ ಬೆಳ್ಳಿಯು ಬೆಳಕನ್ನು ಕೊಡುತ್ತದೆ, ಫಿಲ್ಮಿನಲ್ಲಿ ನೆರಳನ್ನು ಕೊಡುತ್ತದೆ. ಭಾಲ್ಕಿಯ ಹಳೆಯ ಸ್ಟುಡಿಯೋ ಕಾಕಾ ಒಬ್ಬರ ಕತ್ತಲೆ ಕೋಣೆಯಲ್ಲಿ ನನ್ನ ಮೊದಲ ರೋಲನ್ನು ತೊಳೆದಾಗ ಇದನ್ನು ಕಣ್ಣಾರೆ ಕಂಡೆನು.

ಆದರೆ ಅದೇ ಬೆಳ್ಳಿ ಶತ್ರುವೂ ಆಯಿತೆಂದು ಕಾಕಾ ಹೇಳಿದರು. ಡಿಜಿಟಲ್ ಕಾಲ ಬಂದಾಗ ಅನೇಕ ಸ್ಟುಡಿಯೋದವರು ದಶಕಗಳ ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದರು. ಕೊಂಡವರು ಅದರಿಂದ ಬೆಳ್ಳಿ ತೆಗೆದರು. ಇನ್ನೂ ಹಿಂದಿನ ಗಾಜಿನ ನೆಗೆಟಿವ್‌ಗಳನ್ನು ತೊಳೆದು ದೇವರ ಪಟಗಳಿಗೆ ಗಾಜು ಮಾಡಿದರಂತೆ. ಎಷ್ಟು ಮಂದಿಯ ಮುಖಗಳು ಹೀಗೆ ಕರಗಿಹೋದವೋ! ದೊಡ್ಡವರ ಚಿತ್ರಗಳು ಉಳಿದಿವೆ. ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳರ ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ನಮ್ಮ ಕೋಟೆ, ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳ ಅಂದಿನ ಸ್ಥಿತಿಯನ್ನು ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಗ್ರಂಥದ ಚಿತ್ರಪಟಗಳಲ್ಲಿ ಕಾಣಬಹುದು. ಸುಲ್ತಾನರ ಗೋರಿಗೆ ಚಿತ್ರವಿದೆ. ಔರಾದಿನ ರೈತನ ಹೆಂಡತಿಗೆ ಚಿತ್ರವಿಲ್ಲ. ನಮ್ಮ ಅಮ್ಮಾಯಿಯ, ಎಂದರೆ ಮುತ್ಯಾನ ಹೆಂಡತಿಯ, ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ.

ಈ ಹವ್ಯಾಸಕ್ಕೆ ಇಳಿಯಬಯಸುವ ಮಿತ್ರರಿಗೆ ಅನುಭವದಿಂದ ಕೆಲವು ಮಾತು ಹೇಳುತ್ತೇನೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕಗಳಂತೆ ನಿಲ್ಲಿಸಬೇಕು. ನಮ್ಮ ಬೇಸಿಗೆಯ ಶಾಖಕ್ಕೆ ಹಪ್ಪಳದಂತೆ ಸೊಟ್ಟಗಾಗುತ್ತವೆ. ಅರಗಿನ ಪ್ಲೇಟನ್ನು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಅಗತ್ಯವಾದರೆ ಲೇಬಲ್ಲಿಗೆ ತಾಗದಂತೆ ಸ್ವಲ್ಪ ತಣ್ಣೀರಿನಿಂದ ಒರೆಸಿ, ಕೂಡಲೇ ಆರಿಸಬೇಕು, ಸ್ಪಿರಿಟಿನ ಹೆಸರೆತ್ತಬಾರದು! ಕ್ಯಾಮರಾದ ಮಸೂರಕ್ಕೆ ತೇವದಿಂದ ಬೂಸು ಹಿಡಿಯುತ್ತದೆ. ಬೀದರು ಎರಡು ಸಾವಿರ ಅಡಿಗೂ ಎತ್ತರದ ಒಣ ಹವೆಯ ಊರಾದ್ದರಿಂದ ಕರಾವಳಿಯವರಿಗಿಂತ ನಾವು ಅದೃಷ್ಟವಂತರು. ಮಳೆಗಾಲದಲ್ಲಿ ಮಾತ್ರ ಚರ್ಮದ ಚೀಲದಿಂದ ಹೊರಗೆ ತೆಗೆದು ಗಾಳಿಗಿಡಬೇಕು. ಹಣ ಬಹಳ ಬೇಕೆಂಬುದು ಭ್ರಮೆ. ಹೈದರಾಬಾದಿನ ಜುಮೇರಾತ್ ಬಜಾರಿನಲ್ಲಿ ಕೊಳ್ಳುವುದಕ್ಕಿಂತ ನೋಡುವುದೇ ಹೆಚ್ಚಿನ ಆನಂದ. ಕೊಂಡ ಪ್ರತಿಯೊಂದು ವಸ್ತುವೂ ಎಲ್ಲಿಂದ, ಯಾರಿಂದ ಬಂತೆಂದು ಒಂದು ವಹಿಯಲ್ಲಿ ಬರೆದಿಡಿರಿ. ಕತೆಯಿಲ್ಲದ ವಸ್ತು ಗುಜರಿ; ಕತೆಯಿರುವ ವಸ್ತು ಸಂಗ್ರಹ.

ಕಳೆದ ಸಂಕ್ರಾಂತಿಯಂದು ಮುತ್ಯಾನನ್ನು ಅಂಗಳದ ಬೇವಿನ ಮರದ ಕೆಳಗೆ ಕೂರಿಸಿ, ಹಾಳಾದ ಆ ಪ್ಲೇಟನ್ನು ಅವನ ಕೈಯಲ್ಲಿ ಕೊಟ್ಟು, ಕ್ಲಿಕ್ 3ರಿಂದ ಫೋಟೋ ತೆಗೆದೆನು. ಹನ್ನೆರಡರಲ್ಲಿ ಏಳು ಮಸುಕಾದವು, ನಾಲ್ಕರಲ್ಲಿ ಮುತ್ಯಾ ಅಲುಗಾಡಿದ್ದನು. ಒಂದು ಚೆನ್ನಾಗಿ ಬಂತು. ಅದರ ಹಿಂದೆ ಅವನ ಹೆಸರು, ಊರು, ತಾರೀಖುಗಳನ್ನು ಬರೆದೆನು. ಅಕ್ಷರ ಬಾರದ ಮುತ್ಯಾ ಅದನ್ನು ತಿರುವಿ ನೋಡಿ, "ಇದರ ಲೇಬಲ್ಲು ಉದುರಂಗಿಲ್ಲಲ್ಲ?" ಎಂದು ಕೇಳಿದನು.

ಮಿತ್ರರೇ, ನಮ್ಮಲ್ಲಿ ಅನೇಕರು ನಮ್ಮ ಮನೆತನದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಹಿರಿಯರು ಬರೆದಿಟ್ಟ ಪುಸ್ತಕಗಳಿಲ್ಲ, ದಾಖಲೆಗಳಿಲ್ಲ. ಅಟ್ಟದ ಮೇಲಿನ ಒಂದು ಪ್ಲೇಟು, ಪೆಟ್ಟಿಗೆಯ ತಳದ ಒಂದು ನೆಗೆಟಿವ್, ಇವೇ ನಮ್ಮ ಗ್ರಂಥಾಲಯ. ಈ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಿರಿ. ಗುಜರಿಯವನು ಬರುವ ಮೊದಲು.